ಬಿರುಬೇಸಗೆಯ ಹೂದೋಟ: ಒಂದು ಐತಿಹಾಸಿಕ ವಿವೇಚನೆ

ಬೇಸಗೆಯು ಹೂವಿಗೆ ಹಗೆಯೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಬಹುಮಟ್ಟಿಗೆ ಬೇರೂರಿದೆ. ತೋಟಗಾರಿಕೆಯ ಕೈಪಿಡಿಗಳಲ್ಲಿ ಅಕ್ಟೋಬರ್ ತಿಂಗಳಲ್ಲಿ ಬೀಜವನ್ನು ಬಿತ್ತಿ, ಚಳಿಗಾಲದುದ್ದಕ್ಕೂ ಹೂವನ್ನು ಕಂಡು, ಮಾರ್ಚ್ ಕಳೆಯುತ್ತಲೇ ಪಾತಿಗಳನ್ನು ತೆರವು ಮಾಡುವ ಕ್ರಮವೇ ಮುಖ್ಯವಾಗಿ ನಿರೂಪಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳು ಈ ಪಂಚಾಂಗದಲ್ಲಿ ಬರಿದಾದ ಕಾಲ. ನೀರೆರೆದು ಗಿಡದ ಜೀವವನ್ನು ಉಳಿಸಿಕೊಳ್ಳುವ ಕಾಲವೇ ಹೊರತು ಹೂವನ್ನು ಕಾಣುವ ಕಾಲವಲ್ಲ. ಆದರೆ ಇದೇ ನಾಡಿನ ಪ್ರಾಚೀನ ವಾಙ್ಮಯವನ್ನು ಪರಿಶೀಲಿಸಿದರೆ ಬಿರುಬಿಸಿಲಿನ ತಿಂಗಳುಗಳೇ ಹೂವಿನ ಸಮೃದ್ಧಿಯ ತಿಂಗಳುಗಳಾಗಿ ಕಾಣುತ್ತವೆ. ಒಂದೇ ನೆಲ, ಒಂದೇ ಬಿಸಿಲು. ತೀರ್ಪು ಮಾತ್ರ ಎರಡು. ಈ ಭೇದಕ್ಕೆ ಕಾರಣವು ಹವೆಯಲ್ಲಿಲ್ಲ, ಹೂದೋಟವೆಂದರೇನೆಂಬ ಕಲ್ಪನೆಯಲ್ಲಿಯೇ ಇದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೊದಲು ಋತುವಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಶಾಸ್ತ್ರದ ಎಣಿಕೆಯಂತೆ ಚೈತ್ರ ವೈಶಾಖಗಳು ವಸಂತ, ಜ್ಯೇಷ್ಠ ಆಷಾಢಗಳು ಗ್ರೀಷ್ಮ. ಈ ಎಣಿಕೆಯು ಉತ್ತರದ ಬಯಲುನಾಡಿಗೆ ತಕ್ಕುದಾಗಿದೆ. ಕನ್ನಡನಾಡಿನಲ್ಲಾದರೋ ಜೂನ್ ಮೊದಲ ವಾರದ ಹೊತ್ತಿಗೆ ಕರಾವಳಿಯಲ್ಲಿ ಮುಂಗಾರು ಕಾಲಿಡುತ್ತದೆ. ಜ್ಯೇಷ್ಠವು ಮುಗಿಯುವುದರೊಳಗೆ ಮಲೆನಾಡು ನೆನೆದಿರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮೀರುವುದು ಶಾಸ್ತ್ರದ ಗ್ರೀಷ್ಮದಲ್ಲಿ ಮಾತ್ರವಲ್ಲ, ಶಾಸ್ತ್ರವು ವಸಂತವೆಂದು ಕರೆಯುವ ತಿಂಗಳುಗಳಲ್ಲಿಯೇ. ಆದುದರಿಂದ ಕನ್ನಡ ಕವಿಯು ವಸಂತವನ್ನು ವರ್ಣಿಸುವಾಗ ಅವನ ಮೈಗೆ ತಾಗುತ್ತಿದ್ದುದು ಬೇಸಗೆಯ ಬಿಸಿಲೇ ಎಂಬುದನ್ನು ನಾವು ಮರೆಯಲಾಗದು. ಪಂಪನು ಬನವಾಸಿಯನ್ನು ನೆನೆದಾಗ ಅವನ ಕಣ್ಣಿಗೆ ಬಂದುದು ಮಾಮರ, ಜಾತಿ, ಸಂಪಗೆಗಳು. ಅವನ ಕಾವ್ಯಗಳ ಕಾಲವಾದ ಕ್ರಿ.ಶ. ೯೪೧ರ ಸುಮಾರಿನಲ್ಲಿ ಸಂಸ್ಕೃತ ಕವಿಸಮಯವು ಸ್ಥಿರಗೊಂಡಿದ್ದಿತು. ಕವಿಗಳು ಋತುಗಳ ವಿಷಯದಲ್ಲಿ ತಪ್ಪದಿರಲೆಂದು ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಾಲವಿಭಾಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟನು. ಪ್ರತಿಯೊಂದು ಋತುವಿಗೂ ಸಂಧಿ, ಶೈಶವ, ಪ್ರೌಢಿ, ಅನುವೃತ್ತಿಗಳೆಂಬ ನಾಲ್ಕು ಅವಸ್ಥೆಗಳುಂಟೆಂದೂ, ಒಂದು ಋತುವಿನ ಹೂವು ಮುಂದಿನದಕ್ಕೆ ಹರಿದು ಬರಬಹುದೆಂದೂ ಅವನು ಒಪ್ಪುತ್ತಾನೆ. ಇದು ಕಣ್ಣಿದ್ದ ಶಾಸ್ತ್ರಕಾರನ ಮಾತು. ತೋಟವನ್ನು ನೋಡದೆ ಬರೆದುದಲ್ಲ.

ಸಂಸ್ಕೃತ ಸಾಹಿತ್ಯದಲ್ಲಿ ಗ್ರೀಷ್ಮದ ಹೂಗಳಾಗಿ ಮತ್ತೆ ಮತ್ತೆ ಬರುವುವು ಮೂರು: ಮಲ್ಲಿಕೆ, ಪಾಟಲ, ಶಿರೀಷ. ಕಾಳಿದಾಸನ ಶಾಕುಂತಲವು ಗ್ರೀಷ್ಮದ ಪ್ರಸ್ತಾಪದಿಂದಲೇ ಆರಂಭವಾಗುತ್ತದೆ; ಸೂತ್ರಧಾರನ ಮಾತಿನಲ್ಲಿ ಪಾಟಲದ ಕಂಪನ್ನು ಹೊತ್ತ ಕಾಡಿನ ಗಾಳಿಯೂ, ನಟಿಯ ಹಾಡಿನಲ್ಲಿ ಹೆಂಗಳೆಯರು ಕಿವಿಗೆ ಮುಡಿಯುವ ಶಿರೀಷವೂ ಬರುತ್ತವೆ. ಋತುಸಂಹಾರವೂ ಗ್ರೀಷ್ಮದಿಂದಲೇ ಮೊದಲಾಗುತ್ತದೆ. ಮಲ್ಲಿಕೆಗೆ ಅಮರಕೋಶವು ಕೊಡುವ ಪರ್ಯಾಯನಾಮಗಳಲ್ಲಿ ‘ಶೀತಭೀರು’ ಎಂಬುದೊಂದು. ಚಳಿಗೆ ಅಂಜುವುದು ಎಂದು ಅದರ ಅರ್ಥ. ಇಂಗ್ಲಿಷ್ ಕೈಪಿಡಿಯು ಬಿಸಿಲಿಗೆ ಅಂಜುವ ಹೂಗಳ ಪಟ್ಟಿಯನ್ನು ಕೊಡುತ್ತದೆ. ನಮ್ಮ ಕೋಶಕಾರನು ಚಳಿಗೆ ಅಂಜುವ ಹೂವನ್ನು ಹೆಸರಿಸುತ್ತಾನೆ. ಎರಡು ತೋಟಗಳ ಅಂತರವೆಲ್ಲವೂ ಈ ಒಂದು ಪದದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಶಿರೀಷವು ನಮ್ಮ ಬಾಗೆಮರ. ರಸ್ತೆಯ ಪಕ್ಕದಲ್ಲಿ ಒಣಕಾಯಿಗಳನ್ನು ಗಲಗಲನೆ ಅಲುಗಿಸುತ್ತ ನಿಲ್ಲುವ ಈ ಮರವೇ ಕವಿಗಳ ಕೋಮಲತೆಯ ಉಪಮಾನವೆಂದು ಹೇಳಿದರೆ ವಿದ್ಯಾರ್ಥಿಗಳು ಸುಲಭವಾಗಿ ನಂಬುವುದಿಲ್ಲ. ಹೂವಿನ ನವಿರಾದ ಕೇಸರಗಳನ್ನು ಬೆರಳಿನಿಂದ ಮುಟ್ಟಿದವರಿಗೆ ಸಂದೇಹವುಳಿಯದು.

ಪಾಟಲದ ವಿಷಯವು ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಕನ್ನಡದಲ್ಲಿ ಇದು ಪಾದರಿ. ಬೇಸಗೆಯಲ್ಲಿ ಹೂಬಿಡುವ, ತುತ್ತೂರಿಯಾಕಾರದ ಸುಗಂಧಪುಷ್ಪಗಳ ದೊಡ್ಡ ಮರ. ಪಾಟಲಿಪುತ್ರಕ್ಕೆ ಈ ಮರದಿಂದಲೇ ಹೆಸರು ಬಂದಿತೆಂಬುದು ಪರಂಪರಾಗತವಾದ ನಂಬಿಕೆ. ತಮಿಳುನಾಡಿನ ತಿರುಪ್ಪಾದಿರಿಪ್ಪುಲಿಯೂರಿನ ಹೆಸರಿನಲ್ಲಿಯೂ ಇದೇ ಮರವಿದೆ. ವೈದ್ಯರ ದಶಮೂಲದಲ್ಲಿ ಇದರ ಬೇರು ಒಂದು. ಕುಡಿಯುವ ನೀರಿಗೆ ಕಂಪನ್ನು ಕೊಡಲು ಈ ಹೂವನ್ನು ಬಳಸುತ್ತಿದ್ದರು. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ‘ಪಾಡಲ’ವನ್ನು ಹೆಸರಿಸಿ, ಅದು ನೀರಿಗೆ ಒಳ್ಳೆಯ ರುಚಿಯನ್ನೂ ಪರಿಮಳವನ್ನೂ ಕೊಡುತ್ತದೆಂದು ಹೇಳುತ್ತಾನೆ. ಬೇಸಗೆಯ ಹೂವೊಂದು ನೋಟಕ್ಕಲ್ಲದೆ ಬಾಯಾರಿಕೆಗೆ ಒದಗುತ್ತಿದ್ದಿತೆಂಬುದು ಗಮನಾರ್ಹವಾದ ಸಂಗತಿ. ಬಿಸಿಲಿನ ಹೂವನ್ನು ಬಿಸಿಲಿನ ತಾಪಕ್ಕೆ ಮದ್ದಾಗಿ ಬಳಸಿದ ಜನರು ಅದರ ಬಣ್ಣವನ್ನಲ್ಲ, ಕಂಪನ್ನೇ ಎಣಿಸಿದರು.

ಅಬುಲ್ ಫಜಲನ ಈ ಪ್ರಕರಣವು ಇನ್ನೊಂದು ಕಾರಣದಿಂದಲೂ ನಮಗೆ ಬೆಲೆಯುಳ್ಳದ್ದು. ಅವನು ಹೂಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸುತ್ತಾನೆ: ಸುಗಂಧಕ್ಕೆ ಹೆಸರಾದವು, ಸೌಂದರ್ಯಕ್ಕೆ ಹೆಸರಾದವು. ಸೇವತಿ, ಚಮೇಲಿ, ರಾಯಬೇಲ್, ಚಂಪಾ, ಕೇತಕಿ, ಪಾಡಲಗಳು ಮೊದಲನೆಯದರಲ್ಲಿ. ಕಮಲ, ದಾಸವಾಳ, ಕಣಗಿಲೆ ಮೊದಲಾದುವು ಎರಡನೆಯದರಲ್ಲಿ. ಜಹಾಂಗೀರನೂ ತನ್ನ ಆತ್ಮಕಥೆಯಲ್ಲಿ ಭಾರತದ ಹೂಗಳ ಪರಿಮಳಕ್ಕೆ ಲೋಕದಲ್ಲಿ ಸಾಟಿಯಿಲ್ಲವೆಂದು ಮೆಚ್ಚಿಕೊಳ್ಳುತ್ತಾನೆ. ಇದು ಮೊಗಲರು ತಂದ ಅಭಿರುಚಿಯಲ್ಲ, ಇಲ್ಲಿ ಕಂಡುಕೊಂಡದ್ದು. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಕರ್ಣಿಕಾರವು ಬಣ್ಣವಿದ್ದೂ ಗಂಧವಿಲ್ಲದ್ದರಿಂದ ಮನಸ್ಸಿಗೆ ನೋವನ್ನುಂಟುಮಾಡಿತೆಂದು ಕಾಳಿದಾಸನು ಮರುಗಿದ್ದಾನೆ. ಕರ್ಣಿಕಾರವೆಂದರೆ ನಮ್ಮ ಕಕ್ಕೆಯೋ ಬೇರೊಂದೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಕಂಪಿಲ್ಲದ ಹೊಳಪು ಒಂದು ಕೊರತೆಯೆಂದು ಕವಿಯು ಭಾವಿಸಿದನೆಂಬುದೇ ಮುಖ್ಯ.

ಇಂಥ ಅಭಿರುಚಿಗೆ ತಕ್ಕಂತೆಯೇ ತೋಟದ ವಿನ್ಯಾಸವೂ ಇದ್ದಿತು. ಕನ್ನಡ ಶಾಸನಗಳಲ್ಲಿ ದೇವಾಲಯಗಳಿಗೆ ಹೂದೋಟಗಳನ್ನು ದತ್ತಿಯಾಗಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಮಾಲೆಗಾರರಿಗೆ ಜೀವಿತವನ್ನು ಕಲ್ಪಿಸಿದ ಉಲ್ಲೇಖಗಳೂ ಉಂಟು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಮಾಲ್ಯಭೋಗಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತಿದ್ದಾನೆ. ಹೂವು ಇಲ್ಲಿ ಗಿಡದಲ್ಲಿ ನಿಂತು ಕಣ್ಣಿಗೆ ಬೀಳಬೇಕಾದ ವಸ್ತುವಲ್ಲ. ಬಿಡಿಸಿ, ಕಟ್ಟಿ, ಮುಡಿದು, ಮುಡಿಸಿ, ಏರಿಸಬೇಕಾದ ವಸ್ತು. ದೇವರ ಪೂಜೆಗೆ ವರ್ಷದ ಎಲ್ಲ ದಿನಗಳಲ್ಲಿಯೂ ಹೂ ಬೇಕು. ವೈಶಾಖದಲ್ಲಿ ಬಿಸಿಲೆಂದು ಪೂಜೆ ನಿಲ್ಲುವುದಿಲ್ಲ. ಆದುದರಿಂದ ದತ್ತಿಯ ತೋಟದವನಿಗೆ ಬೇಸಗೆಯೇ ಪರೀಕ್ಷೆಯ ಕಾಲವಾಗಿದ್ದು, ಬಾವಿಯ ಏತವೂ ಕಪಿಲೆಯೂ ಅವನ ಮುಖ್ಯ ಸಾಧನಗಳಾಗಿದ್ದುವು. ತೋಟವು ಹಾಳಾದ ಊರುಗಳಲ್ಲಿ ಮೊದಲು ಬತ್ತಿದ್ದು ಬಾವಿಯೇ ಎಂದು ಊಹಿಸುವುದು ಅಸಂಗತವಾಗಲಾರದು.

ಮಲ್ಲಿಗೆಯ ಕೃಷಿಯು ಈ ಹಳೆಯ ತೋಟದ ತಿಳಿವಳಿಕೆಯನ್ನು ಇಂದಿಗೂ ಉಳಿಸಿಕೊಂಡಿದೆ. ನವೆಂಬರ್ ತಿಂಗಳ ಕೊನೆಯಲ್ಲಿ ಬೆಳೆಗಾರನು ಗಿಡಕ್ಕೆ ನೀರನ್ನು ನಿಲ್ಲಿಸಿ, ಹಳೆಯ ಕೊಂಬೆಗಳನ್ನು ಸವರುತ್ತಾನೆ. ಕೆಲವು ಕಾಲ ಗಿಡವು ಸತ್ತಂತೆ ತೋರುತ್ತದೆ. ಬಳಿಕ ಬುಡವನ್ನು ಬಿಡಿಸಿ ಗೊಬ್ಬರವಿಟ್ಟು ನೀರು ಕೊಟ್ಟೊಡನೆ ಹೊಸ ಚಿಗುರು ಬರುತ್ತದೆ. ಆ ಚಿಗುರಿನ ತುದಿಯಲ್ಲಿಯೇ ಮಾರ್ಚ್ ತಿಂಗಳಿಂದ ಮೊಗ್ಗು ಕಾಣಿಸಿಕೊಂಡು, ಬಿಸಿಲೇರಿದಂತೆಲ್ಲ ಹೆಚ್ಚುತ್ತ ಹೋಗುತ್ತದೆ. ಬಿರುಬೇಸಗೆಯ ಹೂವು ಚಳಿಗಾಲದ ಕತ್ತರಿಯ ಫಲ. ಮೊಗ್ಗನ್ನು ಬಿಡಿಸುವುದು ಬೆಳಗಿನ ಜಾವದಲ್ಲಿ, ಅದು ಅರಳುವುದು ಸಂಜೆ, ಮುಡಿಯಲ್ಲಿಯೋ ಗುಡಿಯಲ್ಲಿಯೋ. ಹೀಗಾಗಿ ಮಲ್ಲಿಗೆಯ ತೋಟವು ಹಗಲಿನ ನೋಟಕನಿಗೆ ಒಂದು ಸೊಪ್ಪಿನ ಹೊಲದಂತೆ ಕಾಣುವುದು ಸಹಜ. ಹೂವೆಲ್ಲ ಸೂರ್ಯನು ಮೇಲೇರುವ ಮೊದಲೇ ಪೇಟೆಗೆ ಹೋಗಿರುತ್ತದೆ! ಬೇಸಗೆಯಲ್ಲಿ ಈ ನಾಡಿನ ತೋಟಗಳಲ್ಲಿ ಹೂವಿಲ್ಲವೆಂದ ಪರದೇಶಿಗಳನ್ನು ನಾವು ಸುಳ್ಳುಗಾರರೆನ್ನಬೇಕಾಗಿಲ್ಲ. ಅವರು ನೋಡಿದ ಹೊತ್ತೇ ಬೇರೆ.

ಹೂವಿನ ಹಡಗಲಿಯ ಹೆಸರನ್ನು ಈ ಸಂದರ್ಭದಲ್ಲಿ ಬಿಡುವಂತಿಲ್ಲ. ಈ ಊರಿನಿಂದ ತುಂಗಭದ್ರೆಯ ಮಾರ್ಗವಾಗಿ ಹಂಪಿಗೆ ಹೂವು ಹೋಗುತ್ತಿದ್ದಿತೆಂಬುದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಂಡರೂ, ಕರ್ನಾಟಕದ ಅತ್ಯಂತ ಬಿಸಿಯಾದ ಸೀಮೆಗಳಲ್ಲೊಂದರ ಊರು ತನ್ನ ಹೆಸರಿನ ಹಿಂದೆ ಹೂವನ್ನು ಕಟ್ಟಿಕೊಂಡಿದೆಯೆಂಬುದು ಕಣ್ಣೆದುರಿನ ಸತ್ಯ. ಇಲ್ಲಿಯ ಮಲ್ಲಿಗೆಯೂ, ಮೈಸೂರಿನ ಮತ್ತು ಉಡುಪಿಯ ಮಲ್ಲಿಗೆಗಳೂ ಈಗ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿವೆ.

ಹಂಪಿಯ ಹೂವಿನ ಪೇಟೆಯನ್ನು ಕುರಿತು ಹೇಳುವಾಗ ಎಲ್ಲರೂ ಉದಾಹರಿಸುವುದು ಅಬ್ದುಲ್ ರಜಾಕನನ್ನು. ಹೆರಾತಿನ ಶಾರುಖನ ರಾಯಭಾರಿಯಾಗಿ ಬಂದ ಇವನು ೧೪೪೩ರ ಬೇಸಗೆಯಲ್ಲಿ ಇಮ್ಮಡಿ ದೇವರಾಯನ ರಾಜಧಾನಿಯನ್ನು ಮುಟ್ಟಿದನು. ಇಲ್ಲಿ ಎಲ್ಲೆಲ್ಲಿಯೂ ಗುಲಾಬಿಗಳನ್ನು ಮಾರುತ್ತಾರೆ, ಈ ಜನರಿಗೆ ಅದು ಅನ್ನದಷ್ಟೇ ಅವಶ್ಯಕ ಎಂಬ ಅರ್ಥದ ಅವನ ಮಾತು ಇಂಗ್ಲಿಷ್ ಅನುವಾದದ ಮೂಲಕ ಪ್ರಸಿದ್ಧವಾಗಿದೆ. ಪಾರಸಿಯಲ್ಲಿ ‘ಗುಲ್’ ಎಂಬ ಒಂದೇ ಪದವು ಗುಲಾಬಿಗೂ ಸಾಮಾನ್ಯವಾಗಿ ಹೂವಿಗೂ ಸಲ್ಲುತ್ತದೆಯೆಂಬುದನ್ನು ನೆನೆದರೆ, ಅನುವಾದದ ‘ಗುಲಾಬಿ’ಯನ್ನು ಅಕ್ಷರಶಃ ಹಿಡಿಯುವುದು ಕ್ಷೇಮವಲ್ಲ. ಗುಲಾಬಿ ವಿಜಯನಗರದಲ್ಲಿ ಇರಲಿಲ್ಲವೆಂದು ನಮ್ಮ ವಾದವಲ್ಲ. ಆದರೆ ಅನ್ನದಷ್ಟು ಅವಶ್ಯಕವಾಗಿ, ಬೀದಿಬೀದಿಯಲ್ಲಿ ರಾಶಿ ಬಿದ್ದಿದ್ದ ಹೂವಿನಲ್ಲಿ ಮಲ್ಲಿಗೆಯ ಪಾಲು ಎಷ್ಟೆಂದು ಕೇಳದೆ, ಆ ರಾಶಿಯನ್ನೆಲ್ಲ ಗುಲಾಬಿಗೆ ಒಪ್ಪಿಸಿಬಿಡುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಹೆಸರುಗಳ ಈ ತೊಡಕು ಮುಂದಿನ ಶತಮಾನದಲ್ಲಿ ಇನ್ನೂ ಹೆಚ್ಚಾಗುತ್ತದೆ. ಅಮೆರಿಕದ ಶೋಧವಾದ ತರುವಾಯ ಮೆಕ್ಸಿಕೊದ ಹೂವೊಂದು ಯೂರೋಪಿಯನ್ನರ ಹಡಗುಗಳ ಮೂಲಕ ಹಳೆಯ ಜಗತ್ತಿಗೆ ಬಂದಿತು. ನಾವು ಚೆಂಡುಹೂವೆಂದು ಕರೆಯುವುದು ಇದನ್ನೇ. ಇಂದು ಇದಿಲ್ಲದೆ ಆಯುಧಪೂಜೆಯಿಲ್ಲ, ತೋರಣವಿಲ್ಲ. ಆದರೂ ಹದಿನಾರನೆಯ ಶತಮಾನಕ್ಕೆ ಹಿಂದಿನ ಕನ್ನಡ ಕಾವ್ಯದಲ್ಲಿ ಇದನ್ನು ಹುಡುಕುವುದು ವ್ಯರ್ಥ. ಪೂಚೆಂಡು ಎಂಬ ಮಾತು ಹಳಗನ್ನಡದಲ್ಲಿ ಕಂಡೊಡನೆ ಈ ಹೂವನ್ನು ಭಾವಿಸುವವರುಂಟು. ಅಲ್ಲಿ ಅದು ಹೂವಿನಿಂದ ಮಾಡಿದ ಚೆಂಡು, ಒಂದು ಹೂವಿನ ಹೆಸರಲ್ಲ. ಉಡುಪಿಯ ಕಡೆ ಕಟ್ಟಿದ ಮಲ್ಲಿಗೆಯನ್ನು ಇಂದಿಗೂ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ; ಹಳೆಯ ಅರ್ಥವು ಪೇಟೆಯಲ್ಲಿ ಬದುಕಿದೆ, ನಿಘಂಟಿನಲ್ಲಿ ಮಸುಕಾಗಿದೆ. ಅಂತೆಯೇ ಉತ್ತರದ ಸೇವತಿಯು ಗುಲಾಬಿಯ ಜಾತಿಗೆ ಸೇರಿದ್ದು, ನಮ್ಮ ಸೇವಂತಿಗೆಯು ಬೇರೆಯೇ ಹೂವು. ಗ್ರಂಥಸಂಪಾದಕರು ಸಸ್ಯನಾಮಗಳಿಗೆ ಅರ್ಥವನ್ನು ಕೊಡುವಾಗ ಈ ಎಚ್ಚರವನ್ನು ವಹಿಸದಿದ್ದರೆ, ಗ್ರಂಥದ ಕಾಲನಿರ್ಣಯವೇ ದಾರಿ ತಪ್ಪುವ ಸಂಭವವಿದೆ.

ಮಡಗಾಸ್ಕರಿನ ಒಂದು ಸಣ್ಣ ಗಿಡವು ನಮ್ಮಲ್ಲಿ ಪಡೆದ ಹೆಸರು ಇದಕ್ಕಿಂತಲೂ ಸ್ವಾರಸ್ಯಕರ. ಯಾವ ಆರೈಕೆಯೂ ಇಲ್ಲದೆ, ನೆತ್ತಿಯ ಬಿಸಿಲಿನಲ್ಲಿಯೂ ಬಾಡದೆ, ವರ್ಷವಿಡೀ ಹೂವಾಗುವ ಇದನ್ನು ಜನರು ನಿತ್ಯಪುಷ್ಪವೆಂದರು, ಕಾಶಿಕಣಗಿಲೆಯೆಂದರು. ಆಫ್ರಿಕದ ಪಕ್ಕದ ದ್ವೀಪದ ಗಿಡಕ್ಕೆ ಕಾಶಿಯ ಗೌರವ! ದೂರದಿಂದ ಬಂದುದೆಲ್ಲ ಪುಣ್ಯಕ್ಷೇತ್ರದಿಂದ ಬಂದುದಾಗಿರಬೇಕೆಂಬ ಸರಳ ಶ್ರದ್ಧೆಯೇ ಇಲ್ಲಿ ಕೆಲಸ ಮಾಡಿದಂತೆ ತೋರುತ್ತದೆ.

ಬ್ರಿಟಿಷರ ಕಾಲದಲ್ಲಿ ಈ ಆಗಮನವು ವ್ಯವಸ್ಥಿತವಾಯಿತು. ಕಲ್ಕತ್ತೆಯ ಸಸ್ಯೋದ್ಯಾನವು ೧೭೮೭ರಲ್ಲಿ ಸ್ಥಾಪಿತವಾಯಿತು. ಅದರ ಅಧಿಕಾರಿಯಾಗಿದ್ದ ರಾಕ್ಸ್‌ಬರೋ ಸಿದ್ಧಪಡಿಸಿದ, ೧೮೧೪ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯು ಅಚ್ಚು ಹಾಕಿಸಿದ ಸಸ್ಯಪಟ್ಟಿಯಲ್ಲಿ ಪ್ರತಿಯೊಂದು ಗಿಡದ ಮೂಲಸ್ಥಾನ, ತಂದವರ ಹೆಸರು, ಹೂಬಿಡುವ ಕಾಲ ಇವುಗಳನ್ನು ಅಂಕಣಗಳಲ್ಲಿ ಕೊಟ್ಟಿದೆ. ಶಾಸನಗಳನ್ನು ಓದಿದ ಕಣ್ಣಿಗೆ ಇದು ಒಂದು ದಾನಪತ್ರದಂತೆಯೇ ಕಾಣುತ್ತದೆ. ಇದೇ ಕೇರಿಯು ೧೮೨೦ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದನು. ಆದರೆ ಸಾಮಾನ್ಯ ಆಂಗ್ಲ ಅಧಿಕಾರಿಯ ಬಂಗಲೆಯ ತೋಟವು ಊರಿನ ನೆನಪಿನಲ್ಲಿ ರೂಪುಗೊಂಡದ್ದು. ಅವನ ನಾಡಿನಲ್ಲಿ ಬೇಸಗೆಯಲ್ಲಿ ಅರಳುತ್ತಿದ್ದ ಹೂಗಳು ಇಲ್ಲಿ ಚಳಿಗಾಲದಲ್ಲಿ ಮಾತ್ರ ಬದುಕಿದುವು. ಅಲ್ಲಿಯ ಬೇಸಗೆಯ ತೋಟವೇ ಇಲ್ಲಿ ಚಳಿಗಾಲದ ತೋಟವಾಯಿತು, ಮತ್ತು ಇಲ್ಲಿಯ ಬೇಸಗೆಗೆ ಪಾತಿಯಲ್ಲಿ ಏನೂ ಉಳಿಯಲಿಲ್ಲ. ನಾವು ಆರಂಭದಲ್ಲಿ ಹೇಳಿದ ಕೈಪಿಡಿಗಳ ಪಂಚಾಂಗವು ಹುಟ್ಟಿದ್ದು ಹೀಗೆ. ಬೇಸಗೆಯು ಹೂವಿನ ಹಗೆಯೆಂಬುದು ಈ ಪಂಚಾಂಗದ ತೀರ್ಪು, ನಾಡಿನ ತೀರ್ಪಲ್ಲ.

ಬರಿದಾದ ಪಾತಿಯನ್ನು ತುಂಬಲು ಒದಗಿದ ಹೂಗಳಾದರೂ ಯೂರೋಪಿನವಲ್ಲವೆಂಬುದನ್ನು ಗಮನಿಸಬೇಕು. ಜಿನಿಯಾ ಮೆಕ್ಸಿಕೊದ್ದು; ಗಾಟಿಂಗೆನ್ನಿನ ಅಂಗರಚನಾಶಾಸ್ತ್ರಜ್ಞ ಜಿನ್ ಎಂಬವನ ಹೆಸರನ್ನು ಹೊತ್ತಿದ್ದರೂ ಅದರ ಮೈ ಉಷ್ಣದೇಶದ್ದು. ನಮ್ಮ ಮನೆಗಳ ಕುಂಡಗಳಲ್ಲಿ ಟೇಬಲ್ ರೋಸ್ ಎಂದು ಕರೆಸಿಕೊಳ್ಳುವ, ಬಿಸಿಲೇರಿದಾಗ ಅರಳಿ ಇಳಿಹೊತ್ತಿಗೆ ಮುಚ್ಚುವ ಪುಟ್ಟ ಹೂವು ದಕ್ಷಿಣ ಅಮೆರಿಕದ್ದು. ದಪ್ಪನೆಯ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು ಅದು ಬಿಸಿಲನ್ನು ಗೆಲ್ಲುತ್ತದೆ. ಕಾಗದದ ಹೂವನ್ನು ಬೂಗನ್‌ವಿಲ್‌ನ ಭೂಪ್ರದಕ್ಷಿಣೆಯ ಕಾಲದಲ್ಲಿ, ೧೭೬೭ರಲ್ಲಿ, ಕಾಮರ್ಸನ್ ಎಂಬ ಸಸ್ಯವಿಜ್ಞಾನಿಯು ಬ್ರೆಜಿಲಿನಲ್ಲಿ ಕಂಡನು. ಅದರ ಬಣ್ಣವು ದಳಗಳದ್ದಲ್ಲ, ಹೂವನ್ನು ಸುತ್ತಿದ ಎಲೆಗಳದ್ದು. ನೀರು ಕಡಿಮೆಯಾದಷ್ಟೂ ಅದು ಹೆಚ್ಚು ಬಣ್ಣವೇರುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ ಗುಲ್‌ಮೊಹರ್. ವೆನ್ಸೆಸ್ಲಾಸ್ ಬೋಯರ್ ಎಂಬವನು ೧೮೨೦ರ ದಶಕದಲ್ಲಿ ಮಡಗಾಸ್ಕರಿನಲ್ಲಿ ಗುರುತಿಸಿದ ಈ ಮರವು ಮಾರಿಷಸ್ಸಿನ ತೋಟಗಳನ್ನು ಸೇರಿ, ೧೮೨೯ರಲ್ಲಿ ಶಾಸ್ತ್ರೀಯ ವರ್ಣನೆಯನ್ನು ಪಡೆದು, ಕೆಲವೇ ದಶಕಗಳಲ್ಲಿ ಉಷ್ಣವಲಯವನ್ನೆಲ್ಲ ಆಕ್ರಮಿಸಿತು. ಕಾಯಿಯ ಆಕಾರದಿಂದ ಕತ್ತಿಕಾಯಿಮರವೆಂದೂ, ತಿಂಗಳಿನಿಂದ ಮೇ ಫ್ಲವರ್ ಎಂದೂ ನಮ್ಮಲ್ಲಿ ಹೆಸರಾಯಿತು. ಹೊಸ ಮರವೊಂದು ಇನ್ನೂರು ವರ್ಷಗಳೊಳಗಾಗಿ ಒಂದು ಋತುವಿನ ಚಿಹ್ನೆಯೇ ಆಗಿಬಿಡುವುದು ಅಪೂರ್ವ. ಕಾಲೇಜುಗಳ ಅಂಗಳದಲ್ಲಿ ಪರೀಕ್ಷೆಯ ಕಾಲವೆಂದರೆ ಅದರ ಕೆಂಪು. ಇದೇ ಅಂಗಳದಲ್ಲಿ ಪಾದರಿಯನ್ನು ತೋರಿಸಬಲ್ಲ ಅಧ್ಯಾಪಕರು ಎಷ್ಟು ಮಂದಿಯಿದ್ದಾರೋ ಕಾಣೆವು. ಪಾಟಲವನ್ನು ಪಾಠದಲ್ಲಿ ಓದಿ, ಕಿಟಕಿಯಾಚೆ ಗುಲ್‌ಮೊಹರನ್ನು ನೋಡುವ ವಿದ್ಯಾರ್ಥಿಗೆ ಎರಡೂ ಬೇಸಗೆಯವೇ. ಒಂದಕ್ಕೆ ಕಂಪಿತ್ತು, ಇನ್ನೊಂದಕ್ಕೆ ಬಣ್ಣವಿದೆ.

ಸಸ್ಯವಿಜ್ಞಾನಿಗಳು ಈ ಭೇದಕ್ಕೆ ಸರಳವಾದ ಕಾರಣವನ್ನು ಕೊಡುತ್ತಾರೆ. ಸಂಜೆ ಅರಳುವ ಬಿಳಿಯ ಹೂಗಳು ಸಾಮಾನ್ಯವಾಗಿ ಕತ್ತಲಲ್ಲಿ ಹಾರುವ ಪತಂಗಗಳನ್ನು ವಾಸನೆಯಿಂದ ಕರೆಯುತ್ತವೆ. ಹಗಲಲ್ಲಿ ಅರಳುವ ಕೆಂಪು, ಹಳದಿ ಹೂಗಳು ಹಕ್ಕಿಗಳನ್ನೂ ಚಿಟ್ಟೆಗಳನ್ನೂ ಬಣ್ಣದಿಂದ ಕರೆಯುತ್ತವೆ. ಹಗಲ ತಾಪದಲ್ಲಿ ಮನೆಯೊಳಗಿದ್ದು ಸಂಜೆ ಹೊರಬರುತ್ತಿದ್ದ ಜನರು ಮೊದಲನೆಯವನ್ನು ಬೆಳೆದರು. ಹಗಲಿನಲ್ಲಿ ಸಾರೋಟಿನಲ್ಲಿ ಕುಳಿತು ರಸ್ತೆಯನ್ನು ನೋಡುತ್ತ ಸಾಗುವವರಿಗಾಗಿ ಎರಡನೆಯವನ್ನು ನೆಡಲಾಯಿತು.

ಬೆಂಗಳೂರಿನಲ್ಲಿ ಈ ಎರಡು ತೋಟಗಳೂ ಒಂದರ ಪಕ್ಕದಲ್ಲೊಂದು ನಿಂತಿವೆ. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಲಾಲ್‌ಬಾಗ್ ೧೮೫೬ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನನು ೧೮೭೪ರಿಂದ ೧೯೦೮ರವರೆಗೆ ಅದನ್ನು ಬೆಳೆಸಿದನು. ಅವನ ನಂತರ ಬಂದ ಜರ್ಮನಿಯ ಕ್ರುಂಬಿಗಲ್ಲನು, ಕ್ಯೂ ಉದ್ಯಾನದಲ್ಲಿಯೂ ಬರೋಡೆಯಲ್ಲಿಯೂ ಕೆಲಸ ಮಾಡಿದ್ದವನು, ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸುವಾಗ ವರ್ಷದ ಯಾವ ತಿಂಗಳಿನಲ್ಲಿಯೂ ಯಾವುದಾದರೊಂದು ಬೀದಿ ಹೂವಿನಲ್ಲಿರಬೇಕೆಂಬ ಯೋಜನೆಯನ್ನು ಹಾಕಿದನು. ಬೇಸಗೆಯನ್ನು ಪಂಚಾಂಗದಿಂದ ಹೊರಗಿಡದೆ ಒಳಗೆ ತಂದ ಯೂರೋಪಿಯನ್ನರಲ್ಲಿ ಇವನಿಗೆ ವಿಶಿಷ್ಟ ಸ್ಥಾನವಿದೆ. ಜಕರಂಡದಂಥ ಮರಗಳು ಹೂವಿಗೆ ಬಂದು ಮುಗಿಯುವ ಹೊತ್ತಿಗೆ ಗುಲ್‌ಮೊಹರ್ ತೊಡಗುತ್ತದೆ. ಹೊಂಗೆಯಂಥ ನಾಡಮರವೂ ಅದೇ ಕಾಲದಲ್ಲಿ ನೆಲಕ್ಕೆ ಹೂವಿನ ಚಾಪೆಯನ್ನು ಹಾಸುತ್ತದೆ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವ ಈ ಊರಿನ ಹಿತವಾದ ಹವೆಯು ಅವನ ಯೋಜನೆಗೆ ನೆರವಾಯಿತೆಂಬುದನ್ನೂ ಹೇಳಬೇಕು. ಕಲಬುರಗಿಯಲ್ಲಿ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ೧೯೩೨ರಲ್ಲಿ ನಿವೃತ್ತನಾದ ಅವನು ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡನು.

ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನಗಳು ನಡೆಯುವುದು ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವದ ಮತ್ತು ಸ್ವಾತಂತ್ರ್ಯೋತ್ಸವದ ವೇಳೆಗೆ. ಬೇಸಗೆಯಲ್ಲಿ ಅಲ್ಲಿ ಪ್ರದರ್ಶನವಿಲ್ಲ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ಕರಗವು ಮಲ್ಲಿಗೆಯದು. ಅದನ್ನು ಹೊರುವ ತಿಗಳರು ತಲೆಮಾರುಗಳಿಂದ ಈ ಊರಿನ ತೋಟಗಾರರು. ಮೈತುಂಬ ಮಲ್ಲಿಗೆಯನ್ನು ಹೊದ್ದ ಕರಗದ ಮೇಲೆ ಬೀದಿಯ ಇಕ್ಕೆಲಗಳ ಜನರು ಮತ್ತೆ ಮಲ್ಲಿಗೆಯನ್ನೇ ಎರಚುತ್ತಾರೆ. ಬೆಳಗಾಗುವುದರೊಳಗೆ ಮೆರವಣಿಗೆಯು ಮುಗಿದಿರುತ್ತದೆ, ಅಂದಿನ ಪೇಟೆಗೆ ಹೊಸ ಮೊಗ್ಗು ಬಂದಿರುತ್ತದೆ.